ಮೂವತ್ತೈದರ ಆಚೆ ಈಚೆ: ಅಂಡಾಶಯದ ಕ್ಯಾನ್ಸರ್ ಪತ್ತೆಯ ಬಗ್ಗೆ ಆರೋಗ್ಯ ಇಲಾಖೆಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು ಹಾಗೂ ಇಲಾಖೆಯ ಆಯುಕ್ತರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಮಹಿಳೆಯರ ಆರೋಗ್ಯ ಶಿಬಿರಗಳಲ್ಲಿ ಸಿಎ-125 ರಕ್ತಪರೀಕ್ಷೆ ಮತ್ತು ಅಂಡಾಶಯದ ಸ್ಕ್ಯಾನಿಂಗ್ (ಅಲ್ಟ್ರಾಸೌಂಡ್) ವರದಿಗಳ ಗುಣಮಟ್ಟ.

ಮಾನ್ಯರೇ,

ಮಲೆನಾಡಿನ ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಮೂವತ್ತೊಂದು ವರ್ಷ ಸ್ತ್ರೀರೋಗ ತಜ್ಞೆಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಈಗಲೂ ವಾರಕ್ಕೆ ಮೂರು ದಿನ ಮನೆಯ ಮುಂಗೋಣೆಯಲ್ಲಿ ಕುಳಿತು ಬಂದವರ ಕಾಗದಪತ್ರ ನೋಡಿ, ತಿಳಿದಷ್ಟು ಸಲಹೆ ಹೇಳುತ್ತೇನೆ. ಕಳೆದ ಮಹಿಳಾ ದಿನಾಚರಣೆ ಮುಗಿದ ಎರಡೇ ವಾರಗಳಲ್ಲಿ ಹೀಗೆ ಬಂದವರ ಪೈಕಿ ಹನ್ನೊಂದು ಮಂದಿಯ ಕೈಯಲ್ಲಿ ಒಂದೇ ಬಗೆಯ ಕಾಗದವಿತ್ತು. ಊರಿನ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಉಚಿತ ಶಿಬಿರದಲ್ಲಿ, ‘ಅಂಡಾಶಯದ ಕ್ಯಾನ್ಸರ್ ಒಂದೇ ರಕ್ತಪರೀಕ್ಷೆಯಲ್ಲಿ ಪತ್ತೆ’ ಎಂಬ ಬ್ಯಾನರ್ ಕೆಳಗೆ, ಇವರೆಲ್ಲರ ರಕ್ತ ತೆಗೆದಿದ್ದರು. ಕಾಗದದಲ್ಲಿ ಹೆಸರು, ವಯಸ್ಸು, ಅದರ ಕೆಳಗೆ ರಕ್ತದಲ್ಲಿ ಸಿಎ-125 ಎಂಬ ಪದಾರ್ಥ ಎಷ್ಟಿದೆ ಎಂದು ದಪ್ಪಕ್ಷರದಲ್ಲಿ ಒಂದು ಸಂಖ್ಯೆ, ಪಕ್ಕದಲ್ಲಿ ‘ಸಾಮಾನ್ಯ: 35ರೊಳಗೆ’ ಎಂಬ ಸಾಲು, ಇಷ್ಟೇ. ಹೊಟ್ಟೆ ಮುಟ್ಟಿ ನೋಡಿದವರಿಲ್ಲ, ಮುಟ್ಟಿನ ದಿನ ಯಾವಾಗ ಎಂದು ಕೇಳಿದವರಿಲ್ಲ.

ಆ ಹನ್ನೊಂದು ಮಂದಿಯಲ್ಲಿ ಒಬ್ಬರು ಶಾಲೆಯಲ್ಲಿ ಬಿಸಿಯೂಟ ಮಾಡುವ, ಮೂವತ್ತೆಂಟು ವರ್ಷದ ಹೆಣ್ಣುಮಗಳು. ಅವರ ಸಂಖ್ಯೆ 61. ಹತ್ತು ದಿನಗಳಿಂದ ನಿದ್ದೆ ಮಾಡಿರಲಿಲ್ಲ. ಮಗಳ ಕಾಲೇಜು ಶುಲ್ಕಕ್ಕೆಂದು ಇಟ್ಟಿದ್ದ ಹಣವನ್ನು ಬೆಂಗಳೂರಿಗೆ ಹೋಗಿಬರಲು ತೆಗೆದಿರಿಸಿದ್ದರು. ರಕ್ತ ತೆಗೆದ ದಿನ ಅವರು ಮುಟ್ಟಾಗಿ ಎರಡನೆಯ ದಿನ. ಮುಟ್ಟಿನ ಸಮಯದಲ್ಲಿ ಈ ಸಂಖ್ಯೆ ತಾನಾಗಿಯೇ ಏರುತ್ತದೆ ಎಂಬುದು ವೈದ್ಯಕೀಯದಲ್ಲಿ ಹೊಸ ಸಂಗತಿಯೇನಲ್ಲ. ಸ್ಕ್ಯಾನಿಂಗ್‌ನಲ್ಲಿ ಅಂಡಾಶಯಗಳೆರಡೂ ಸಹಜವಾಗಿದ್ದವು. ಎರಡು ವಾರ ಬಿಟ್ಟು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಸಂಖ್ಯೆ 22ಕ್ಕೆ ಇಳಿದಿತ್ತು.

ಇದು ಒಂದು ಶಿಬಿರದ ಕಥೆಯಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಸರ್ಕಾರಿ ಶಿಬಿರಗಳಲ್ಲೂ ಈ ಪರೀಕ್ಷೆಯನ್ನು ಸೇರಿಸಬೇಕು ಎಂಬ ಮಾತು ನಮ್ಮ ತಾಲ್ಲೂಕಿನ ಸಭೆಯೊಂದರಲ್ಲಿ ಕೇಳಿಬಂತು, ಹಲವರು ಮೇಜು ಕುಟ್ಟಿ ಒಪ್ಪಿದರು. ಅವರ ಕಳಕಳಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಲಕ್ಷಣಗಳಿಲ್ಲದ ಹೆಂಗಸರ ರಕ್ತ ತೆಗೆದು ಸಂಖ್ಯೆ ಬರೆದುಕೊಡಲು ಖರ್ಚಾಗುವ ಹಣವನ್ನು, ಲಕ್ಷಣಗಳಿರುವ ಹೆಂಗಸರಿಗೆ ಸರಿಯಾದ ಸ್ಕ್ಯಾನಿಂಗ್ ಮತ್ತು ಓದಿ ಅರ್ಥ ಮಾಡಿಕೊಳ್ಳುವಂಥ ಸ್ಕ್ಯಾನಿಂಗ್ ವರದಿ ಸಿಗುವಂತೆ ಮಾಡಲು ಬಳಸಬೇಕು ಎಂಬುದು ನನ್ನ ಕೋರಿಕೆ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಸಿಎ-125 ಎಂಬ ಹೆಸರಿನಲ್ಲಿರುವ 125 ಯಾವುದೋ ಅಳತೆಯಲ್ಲ. 1981ರಲ್ಲಿ ಅಮೆರಿಕದ ರಾಬರ್ಟ್ ಬ್ಯಾಸ್ಟ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಳ್ಳುವ ಪ್ರತಿಕಾಯಕ್ಕಾಗಿ ಹುಡುಕುತ್ತಿದ್ದಾಗ, ಕೈಗೂಡಿದ್ದು ಅವರ ಪಟ್ಟಿಯ ನೂರಿಪ್ಪತ್ತೈದನೆಯದು; ಹಾಗಾಗಿ ಆ ಹೆಸರು. ಆ ಪ್ರತಿಕಾಯ ಅಂಟಿಕೊಳ್ಳುವ ಪದಾರ್ಥವೇ ಸಿಎ-125; 1983ರಲ್ಲಿ ಅದನ್ನು ರಕ್ತದಲ್ಲಿ ಅಳೆಯುವ ವಿಧಾನ ಪ್ರಕಟವಾಯಿತು. 888 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿದಾಗ ನೂರಕ್ಕೆ ಒಬ್ಬರಲ್ಲಿ ಮಾತ್ರ ಪ್ರಮಾಣವು ಮಿಲಿಲೀಟರಿಗೆ 35 ಯೂನಿಟ್‌ಗಿಂತ ಹೆಚ್ಚಿತ್ತು, ಅಂಡಾಶಯದ ಕ್ಯಾನ್ಸರ್ ಖಚಿತವಾಗಿದ್ದ 101 ರೋಗಿಗಳಲ್ಲಿ ಶೇ. 82ರಷ್ಟು ಮಂದಿಗೆ ಹೆಚ್ಚಿತ್ತು. ಇಂದಿಗೂ ನಮ್ಮ ಲ್ಯಾಬ್ ಕಾಗದಗಳಲ್ಲಿ ಅಚ್ಚಾಗುವ 35ರ ಗೆರೆ ಬಂದದ್ದು ಅಲ್ಲಿಂದ. ಆದರೆ ಒಂದು ಮಾತು ಗಮನಿಸಬೇಕು: ರೋಗ ಇದೆಯೆಂದು ಗೊತ್ತಿದ್ದವರಲ್ಲಿ, ಅದರ ಏರಿಳಿತ ಹೇಗಿದೆ, ಔಷಧಿಗೆ ಬಗ್ಗುತ್ತಿದೆಯೇ ಎಂದು ತಿಳಿಯಲು ಹುಟ್ಟಿದ ಪರೀಕ್ಷೆ ಅದು. ಕೀಮೋಥೆರಪಿ ನಡೆಯುವಾಗ ಅದರಷ್ಟು ಅನುಕೂಲದ ಅಳತೆಗೋಲು ಇನ್ನೊಂದಿಲ್ಲ. ಊರಿನ ಆರೋಗ್ಯವಂತ ಹೆಂಗಸರ ಸಾಲಿನಿಂದ ರೋಗಿಯನ್ನು ಹೆಕ್ಕಿ ತೆಗೆಯುವುದು ಬೇರೆಯೇ ಕೆಲಸ.

ಅದಕ್ಕೆ ಕಾರಣವೂ ಸರಳ. ಈ ಪದಾರ್ಥವನ್ನು ಉತ್ಪಾದಿಸುವುದು ಅಂಡಾಶಯದ ಗಡ್ಡೆ ಮಾತ್ರವಲ್ಲ. ಹೊಟ್ಟೆಯ ಒಳಪೊರೆ, ಶ್ವಾಸಕೋಶದ ಹೊರಪೊರೆ, ಹೃದಯದ ಪೊರೆ, ಗರ್ಭಕೋಶದ ಒಳಪದರ, ಇವೆಲ್ಲವೂ ಅದನ್ನು ಬಿಡುಗಡೆ ಮಾಡುತ್ತವೆ. ಇವುಗಳಲ್ಲಿ ಯಾವುದು ಕೆರಳಿದರೂ ಸಂಖ್ಯೆ ಏರುತ್ತದೆ. ಗರ್ಭಕೋಶದ ಫೈಬ್ರಾಯ್ಡ್, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಪದರ ಅದರ ಹೊರಗೆ ಬೆಳೆಯುವ ಕಾಯಿಲೆ), ಕಿಬ್ಬೊಟ್ಟೆಯ ಸೋಂಕು, ಗರ್ಭಧಾರಣೆ, ಪಿತ್ತಜನಕಾಂಗದ ಸಿರೋಸಿಸ್, ಹೃದಯ ವೈಫಲ್ಯ, ಇವೆಲ್ಲ ಪಟ್ಟಿಯಲ್ಲಿವೆ. ನಮ್ಮ ದೇಶದಲ್ಲಿ ಆ ಪಟ್ಟಿಯ ಮೇಲ್ಭಾಗದಲ್ಲಿ ಬರೆಯಬೇಕಾದದ್ದು ಹೊಟ್ಟೆಯ ಕ್ಷಯ.

ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದ ಮೂವತ್ತನಾಲ್ಕು ವರ್ಷದ ಹೆಂಗಸೊಬ್ಬರನ್ನು ನಾನು ಮರೆಯಲಾರೆ. ಹೊಟ್ಟೆಯಲ್ಲಿ ನೀರು ತುಂಬಿತ್ತು, ಮೈ ಇಳಿದಿತ್ತು, ಸಿಎ-125 ಸಂಖ್ಯೆ 412 ಇತ್ತು. ದೂರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಆ ಸಂಖ್ಯೆ ನೋಡಿಯೇ ಕ್ಯಾನ್ಸರ್ ಎಂದು ಹೇಳಿ, ಗರ್ಭಕೋಶ ಅಂಡಾಶಯಗಳನ್ನು ತೆಗೆಯಲು ದಿನ ಗೊತ್ತು ಮಾಡಿದ್ದರು. ಗಂಡ ಬಳೆ ಅಡವಿಟ್ಟಾಗಿತ್ತು. ನಮ್ಮಲ್ಲಿ ಮತ್ತೆ ಸ್ಕ್ಯಾನ್ ಮಾಡಿದಾಗ ತೆರೆಯ ಮೇಲೆ ಕಂಡದ್ದು ಆ ನೀರಿನ ನಡುವೆ ತೇಲುತ್ತಿದ್ದ ಎರಡು ಪುಟ್ಟ, ಸಹಜ ಅಂಡಾಶಯಗಳು. ಗಡ್ಡೆ ಎಂಬುದೇ ಇರಲಿಲ್ಲ. ಹೊಟ್ಟೆಯ ನೀರು ತೆಗೆದು ಪರೀಕ್ಷಿಸಿ, ಲ್ಯಾಪ್ರೊಸ್ಕೋಪಿಯಿಂದ ಒಳಪೊರೆಯ ಚೂರೊಂದನ್ನು ಬಯಾಪ್ಸಿಗೆ ಕಳಿಸಿದಾಗ ಬಂದ ಉತ್ತರ ಕ್ಷಯ. ಆರು ತಿಂಗಳು ಸರ್ಕಾರ ಉಚಿತವಾಗಿ ಕೊಡುವ ಮಾತ್ರೆ ನುಂಗಿದರು. ಕೊನೆಯ ಭೇಟಿಯಲ್ಲಿ ಸಂಖ್ಯೆ 19. ಆ ಆಸ್ಪತ್ರೆಯ ವೈದ್ಯರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಮುದ್ರಿತ ಸಂಖ್ಯೆಯ ಮುಂದೆ ಕಣ್ಣಿನ ಸಾಕ್ಷ್ಯ ಸಪ್ಪೆಯಾಗಿ ಕಾಣುವ ಕಾಲ ಇದು, ಅಷ್ಟೆ.

ಸಂಖ್ಯೆ ಸುಮ್ಮನೆ ಹೆದರಿಸಿದರೆ ಒಂದು ಬಗೆಯ ಹಾನಿ. ಸುಮ್ಮನೆ ಧೈರ್ಯ ಹೇಳಿದರೆ ಇನ್ನೂ ದೊಡ್ಡ ಹಾನಿ. ಒಂದನೆಯ ಹಂತದಲ್ಲಿರುವ ಅಂಡಾಶಯದ ಕ್ಯಾನ್ಸರ್‌ಗಳಲ್ಲಿ ಸರಿಸುಮಾರು ಅರ್ಧದಷ್ಟರಲ್ಲಿ ಮಾತ್ರ ಸಿಎ-125 ಏರಿರುತ್ತದೆ. ಲೋಳೆ ತುಂಬಿದ, ಮ್ಯೂಸಿನಸ್ ಎಂದು ಕರೆಯುವ ಬಗೆಯ ಗಡ್ಡೆಗಳಲ್ಲಂತೂ ಎಷ್ಟೋ ಸಲ ಅದು ಏರುವುದೇ ಇಲ್ಲ. ಐವತ್ತೆಂಟರ ವಯಸ್ಸಿನ ಒಬ್ಬ ನಿವೃತ್ತ ಅಂಗನವಾಡಿ ಕಾರ್ಯಕರ್ತೆ ನಾಲ್ಕು ತಿಂಗಳು ‘ಗ್ಯಾಸ್ಟ್ರಿಕ್’ ಮಾತ್ರೆ ತೆಗೆದುಕೊಂಡ ಮೇಲೆ ಮಗ ಪೂರ್ಣ ತಪಾಸಣೆಯ ಪ್ಯಾಕೇಜ್ ಮಾಡಿಸಿದ. ಸಿಎ-125 ಬಂದದ್ದು 28, ಮನೆಯವರೆಲ್ಲ ನಿರಾಳವಾದರು. ಮತ್ತೆ ಐದು ತಿಂಗಳು ಕಳೆದು, ಲಂಗದ ಲಾಡಿ ಸೊಂಟಕ್ಕೆ ಸಾಲದಾದಾಗ ಅವರು ನನ್ನ ಬಳಿ ಬಂದರು. ಸ್ಕ್ಯಾನಿಂಗ್‌ನಲ್ಲಿ ಹದಿನಾಲ್ಕು ಸೆಂಟಿಮೀಟರ್ ಗಡ್ಡೆ, ಒಳಗೆ ಹಲವು ಕೋಣೆಗಳು, ಒಂದು ಮೂಲೆಯಲ್ಲಿ ಗಟ್ಟಿ ಭಾಗ.

ಇಲ್ಲಿ ಹಳೆಯ ಲೆಕ್ಕವೊಂದನ್ನು ಹೇಳಬೇಕು. 1990ರಲ್ಲಿ ಇಂಗ್ಲೆಂಡಿನ ಇಯಾನ್ ಜೇಕಬ್ಸ್ ಮತ್ತು ಸಂಗಡಿಗರು ಕೊಟ್ಟ ಆರ್‌ಎಂಐ ಎಂಬ ಅಪಾಯ ಸೂಚ್ಯಂಕಕ್ಕೆ ಬೇಕಾದದ್ದು ಸ್ಕ್ಯಾನಿಂಗ್, ಮುಟ್ಟು ನಿಂತಿದೆಯೇ ಎಂಬ ಉತ್ತರ, ಮತ್ತು ಸಿಎ-125, ಈ ಮೂರು ಮಾತ್ರ. ಗಡ್ಡೆಯಲ್ಲಿ ಹಲವು ಕೋಣೆಗಳಿರುವುದು, ಗಟ್ಟಿ ಭಾಗವಿರುವುದು, ಎರಡೂ ಕಡೆ ಇರುವುದು, ಹೊಟ್ಟೆಯಲ್ಲಿ ನೀರಿರುವುದು, ರೋಗ ಬೇರೆಡೆ ಹರಡಿರುವುದು, ಈ ಐದರಲ್ಲಿ ಒಂದಿದ್ದರೆ ಸ್ಕ್ಯಾನಿಂಗ್‌ಗೆ 1 ಅಂಕ, ಎರಡು ಅಥವಾ ಹೆಚ್ಚಿದ್ದರೆ 3. ಮುಟ್ಟು ನಿಂತಿಲ್ಲದಿದ್ದರೆ 1, ನಿಂತಿದ್ದರೆ 3. ಇವೆರಡನ್ನೂ ಸಿಎ-125 ಸಂಖ್ಯೆಯೊಂದಿಗೆ ಗುಣಿಸಿದಾಗ 200 ದಾಟಿದರೆ ರೋಗಿಯನ್ನು ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಬಲ್ಲವರ ಬಳಿ ಕಳಿಸಬೇಕು. ಅಂಗನವಾಡಿಯವರ ಲೆಕ್ಕ ನೋಡಿ: ಮೂರು ಮೂರಲ ಒಂಬತ್ತು, ಒಂಬತ್ತು ಇಪ್ಪತ್ತೆಂಟಲ ಇನ್ನೂರ ಐವತ್ತೆರಡು. ಒಂಟಿಯಾಗಿ ‘ಸಾಮಾನ್ಯ’ ಎಂದಿದ್ದ ಅದೇ 28, ಸ್ಕ್ಯಾನಿಂಗ್ ಜೊತೆ ಕೂಡಿದಾಗ ಎಚ್ಚರಿಕೆಯ ಗಂಟೆ ಬಾರಿಸಿತು. ಅವರಿಗೆ ಬೆಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು, ರೋಗ ಒಂದನೆಯ ಹಂತದಲ್ಲೇ ಇತ್ತು, ಈಗ ಅವರಿಗೆ ಅರವತ್ತೇಳು. ಕ್ಷಯವಿದ್ದ ಹೆಣ್ಣುಮಗಳಿಗೆ ಇದೇ ಲೆಕ್ಕ ಹಾಕಿದರೂ 412 ಬರುತ್ತದೆ, ತಪ್ಪು ದಾರಿ ತೋರಿಸುತ್ತದೆ ಎಂದು ನೀವು ಕೇಳಬಹುದು. ನಿಜ; ಆದರೆ ಗಡ್ಡೆ ಇದ್ದವರಿಗಷ್ಟೇ ಅನ್ವಯಿಸುವ ಲೆಕ್ಕವನ್ನು ಗಡ್ಡೆಯೇ ಇಲ್ಲದವರಿಗೆ ಹಾಕಬಾರದು, ಮತ್ತು ಗಡ್ಡೆ ಇದೆಯೋ ಇಲ್ಲವೋ ಎಂದು ಹೇಳಬಲ್ಲದ್ದು ಸ್ಕ್ಯಾನಿಂಗ್ ಮಾತ್ರ.

ಇತ್ತೀಚೆಗೆ ಎಚ್‌ಇ-4 ಎಂಬ, ರಕ್ತದಲ್ಲಿ ಅಳೆಯುವ ಇನ್ನೊಂದು ಗುರುತುಕಾರಕವೂ, ಅದನ್ನು ಸಿಎ-125 ಜೊತೆ ಸೇರಿಸಿ ಲೆಕ್ಕ ಹಾಕುವ ರೋಮಾ ಎಂಬ ಸೂತ್ರವೂ ಬಂದಿವೆ. ಎಂಡೊಮೆಟ್ರಿಯೋಸಿಸ್‌ನಲ್ಲಿ ಎಚ್‌ಇ-4 ಅಷ್ಟಾಗಿ ಏರುವುದಿಲ್ಲ ಎಂಬುದು ಅದರ ಹೆಚ್ಚುಗಾರಿಕೆ. ಮೂತ್ರಪಿಂಡ ಸೋತವರಲ್ಲಿ ಏರುತ್ತದೆ ಎಂಬುದು ಕೊರತೆ. ಸ್ಕ್ಯಾನಿಂಗ್ ಇಲ್ಲದೆಯೂ ಲೆಕ್ಕ ಸಿಗುತ್ತದೆ ಎಂಬ ಕಾರಣಕ್ಕೆ ಅದನ್ನೂ ಶಿಬಿರಕ್ಕೆ ತರುವ ಆಸೆ ಹುಟ್ಟೀತು. ಗಡ್ಡೆ ಇದೆಯೆಂದು ಖಚಿತವಾಗಿ ಶಸ್ತ್ರಚಿಕಿತ್ಸೆಗೆ ಸಿದ್ಧರಾದ ಹೆಂಗಸರಿಗೆಂದು ಒಪ್ಪಿಗೆ ಪಡೆದ ಪರೀಕ್ಷೆ ಅದು, ಎಲ್ಲರಿಗಾಗಿ ಅಲ್ಲ.

ಇನ್ನು ಸ್ಕ್ಯಾನಿಂಗ್ ವಿಷಯ. ಅದು ದೋಷವಿಲ್ಲದ ವಿಧಾನವೆಂದು ನಾನು ವಾದಿಸುವುದಿಲ್ಲ. ನಮ್ಮಲ್ಲಿ ಈಗ ನಡೆಯುತ್ತಿರುವ ರೀತಿಯಲ್ಲಂತೂ ಖಂಡಿತ ಅಲ್ಲ. ತಾಲ್ಲೂಕು ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯ ಮುಂದಿನ ಬೆಂಚನ್ನು ಒಮ್ಮೆ ನೋಡಿ. ಗೋಡೆಯ ಮೇಲೆ ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡಲಾಗುವುದಿಲ್ಲ’ ಎಂಬ ಫಲಕ, ಕೆಳಗೆ ಒಂದು ಲೀಟರ್ ನೀರು ಕುಡಿದು ಮೂತ್ರ ಕಟ್ಟಿಕೊಂಡು ಕುಳಿತ ಬಸುರಿಯರ ಸಾಲು. ಆ ಸಾಲಿನಲ್ಲಿ ಅರವತ್ತು ವರ್ಷದ ಹೆಂಗಸು ಬಂದು ಕುಳಿತರೆ ಪಕ್ಕದವರು ತಿರುಗಿ ನೋಡುತ್ತಾರೆ. ನಾಚಿಕೆಗೆ ಎದ್ದು ಹೋದವರನ್ನು ನಾನೇ ಎಷ್ಟೋ ಸಲ ವಾಪಸ್ ಕರೆದು ಕೂರಿಸಿದ್ದೇನೆ. ಸಕ್ಕರೆ ಕಾಯಿಲೆ ಇರುವವರಿಗೆ ಅಷ್ಟು ಹೊತ್ತು ಮೂತ್ರ ತಡೆಯುವುದೇ ಆಗುವುದಿಲ್ಲ. ಅಂಡಾಶಯವನ್ನು ಹತ್ತಿರದಿಂದ ನೋಡಲು ಯೋನಿಯ ಮೂಲಕ ಮಾಡುವ ಸ್ಕ್ಯಾನ್ ಬೇಕು; ಅದಕ್ಕೆ ಮೂತ್ರಕೋಶ ಖಾಲಿಯಿದ್ದರೇ ಒಳ್ಳೆಯದು. ಆದರೆ ಅದಕ್ಕೆ ರೋಗಿಗೆ ವಿವರಿಸಿ ಒಪ್ಪಿಗೆ ಪಡೆಯಲು ಐದು ನಿಮಿಷ, ಜೊತೆಗೊಬ್ಬ ನರ್ಸ್, ಎಳೆಯಲು ಒಂದು ಪರದೆ ಬೇಕಾಗುತ್ತವೆ. ದಿನಕ್ಕೆ ಅರವತ್ತು ಸ್ಕ್ಯಾನ್ ಮುಗಿಸಬೇಕಾದ ಕಡೆ ಇವು ಮೂರೂ ಸಿಗುವುದಿಲ್ಲ.

ಸಿಕ್ಕರೂ ಕೊನೆಗೆ ಕೈಗೆ ಬರುವ ವರದಿ ಹೇಗಿರುತ್ತದೆ? ‘ಬಲ ಅಂಡಾಶಯದಲ್ಲಿ 6×5 ಸೆಂ.ಮೀ. ಕಾಂಪ್ಲೆಕ್ಸ್ ಸಿಸ್ಟ್. ಕ್ಲಿನಿಕಲ್ ಕೋರಿಲೇಷನ್ ಸೂಚಿಸಲಾಗಿದೆ.’ ನನ್ನ ಮೇಜಿನ ಮೇಲೆ ಇಂಥ ಸಾಲು ನೂರಾರು ಸಲ ಬಂದಿದೆ. ‘ಕಾಂಪ್ಲೆಕ್ಸ್’ ಎಂಬ ಪದದಿಂದ ಏನೂ ತಿಳಿಯುವುದಿಲ್ಲ. ಮುಟ್ಟು ನಿಲ್ಲದವರಲ್ಲಿ ರಕ್ತ ಹೆಪ್ಪುಗಟ್ಟಿದ ಸಿಸ್ಟ್ ಕೂಡ ಕಾಂಪ್ಲೆಕ್ಸ್, ಒಂದೆರಡು ತಿಂಗಳಲ್ಲಿ ತಾನಾಗಿ ಕರಗುತ್ತದೆ. ಕೂದಲು, ಕೊಬ್ಬು ತುಂಬಿದ ಡರ್ಮಾಯ್ಡ್ ಕೂಡ ಕಾಂಪ್ಲೆಕ್ಸ್. ಕ್ಯಾನ್ಸರ್ ಕೂಡ ಕಾಂಪ್ಲೆಕ್ಸ್. ಗಡ್ಡೆಯ ಗೋಡೆ ನಯವಾಗಿದೆಯೇ, ಒಳಗಿನ ಗಟ್ಟಿ ಭಾಗ ಎಷ್ಟು ದೊಡ್ಡದು, ಗೋಡೆಯಿಂದ ಒಳಮುಖವಾಗಿ ಚಾಚಿದ ಮೊಳಕೆಗಳು ಎಷ್ಟು, ಅವುಗಳಲ್ಲಿ ರಕ್ತ ಹರಿಯುತ್ತಿದೆಯೇ, ಹೊಟ್ಟೆಯಲ್ಲಿ ನೀರಿದೆಯೇ ಎಂಬುದನ್ನು ಬರೆಯದೆ ಇದ್ದರೆ ಯಂತ್ರ ಎಷ್ಟು ದುಬಾರಿಯದಾದರೂ ಪ್ರಯೋಜನವಿಲ್ಲ.

ಇದಕ್ಕೆ ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಅಂಡಾಶಯದ ಗಡ್ಡೆಗಳ ಸ್ಕ್ಯಾನಿಂಗ್ ಬಗ್ಗೆ ಅಧ್ಯಯನ ಮಾಡಲು ಯುರೋಪಿನಲ್ಲಿ 1999ರಲ್ಲಿ ಆರಂಭವಾದ ಐಯೋಟಾ ತಂಡ ಮೊದಲು ಮಾಡಿದ ಕೆಲಸವೇ ಪದಗಳಿಗೆ ಒಂದೇ ಅರ್ಥ ನಿಗದಿ ಮಾಡಿದ್ದು. 2008ರಲ್ಲಿ ಅವರು ‘ಸರಳ ನಿಯಮ’ಗಳನ್ನು ಕೊಟ್ಟರು: ನಿರಪಾಯಕ್ಕೆ ಐದು ಗುರುತು, ಅಪಾಯಕ್ಕೆ ಐದು ಗುರುತು. ಒಂದೇ ಕೋಣೆಯ ಸಿಸ್ಟ್, ರಕ್ತದ ಹರಿವೇ ಇಲ್ಲದಿರುವುದು, ಗಡ್ಡೆಯ ಹಿಂದೆ ನೆರಳು ಬೀಳುವುದು ಮೊದಲಾದವು ಸಮಾಧಾನದ ಗುರುತುಗಳು. ಅಂಕುಡೊಂಕಾದ ಗಟ್ಟಿ ಗಡ್ಡೆ, ಹೊಟ್ಟೆಯಲ್ಲಿ ನೀರು, ನಾಲ್ಕು ಅಥವಾ ಹೆಚ್ಚು ಮೊಳಕೆಗಳು, ಜೋರಾದ ರಕ್ತದ ಹರಿವು ಮೊದಲಾದವು ಅಪಾಯದವು. ಹತ್ತರಲ್ಲಿ ಏಳೆಂಟು ಗಡ್ಡೆಗಳ ತೀರ್ಮಾನ ಇಷ್ಟರಿಂದಲೇ ಆಗುತ್ತದೆ. ಉಳಿದವನ್ನು ಅನುಭವಿಗಳು ನೋಡಬೇಕು. ಈ ನಿಯಮಗಳಿಗೆ ರಕ್ತಪರೀಕ್ಷೆಯೇ ಬೇಕಿಲ್ಲ ಎಂಬುದನ್ನು ಒತ್ತಿ ಹೇಳುತ್ತೇನೆ. ಗಡ್ಡೆಯ ಅಪಾಯಕ್ಕೆ ಅಂಕಿ ಕೊಡುವ, ಅಮೆರಿಕದ ರೇಡಿಯಾಲಜಿ ಕಾಲೇಜಿನ ಒ-ರ್ಯಾಡ್ಸ್ ಪದ್ಧತಿ ಇನ್ನೊಂದು: ಅಲ್ಲಿ 2 ಎಂದರೆ ಕ್ಯಾನ್ಸರ್ ಸಂಭವ ಶೇ. 1ಕ್ಕಿಂತ ಕಡಿಮೆ, 3 ಎಂದರೆ ಶೇ. 10ರೊಳಗೆ, 4 ಎಂದರೆ ಶೇ. 10ರಿಂದ 50ರೊಳಗೆ, 5 ಎಂದರೆ ಶೇ. 50 ಅಥವಾ ಅದಕ್ಕಿಂತ ಹೆಚ್ಚು. ವರದಿಯ ಕೊನೆಯಲ್ಲಿ ಈ ಒಂದು ಅಂಕಿ ಇದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಯುವ ವೈದ್ಯೆಗೂ ಮುಂದೇನು ಮಾಡಬೇಕೆಂದು ತಿಳಿಯುತ್ತದೆ.

ಸಿಟಿ ಮತ್ತು ಎಂಆರ್‌ಐಗಳ ಬಗ್ಗೆ ಎರಡು ಮಾತು ಸಾಕು. ರೋಗ ಎಲ್ಲೆಲ್ಲಿ ಹರಡಿದೆ ಎಂದು ನೋಡಲು ಸಿಟಿ ಒಳ್ಳೆಯದು. ಗಡ್ಡೆಯ ಒಳಗು ಹೇಗಿದೆ ಎಂದು ತಿಳಿಯಲು ಒಳ್ಳೆಯ ಸ್ಕ್ಯಾನಿಂಗ್‌ಗಿಂತ ಅದು ಹಿಂದೆ. ಬೇಗ ಸಿಗುತ್ತದೆಂದು ಮೊದಲೇ ಸಿಟಿ ಮಾಡಿಸುವ ರೂಢಿ ನಮ್ಮಲ್ಲಿದೆ, ಅದು ತಪ್ಪು. ಸ್ಕ್ಯಾನಿಂಗ್‌ನಲ್ಲಿ ಇದೋ ಅದೋ ಎಂದು ತೀರ್ಮಾನವಾಗದೆ ಉಳಿದವುಗಳಿಗೆ ಎಂಆರ್‌ಐ ಬೇಕು, ಏಕೆಂದರೆ ಅಂಥವುಗಳಲ್ಲಿ ಹೆಚ್ಚಿನವು ನಿರಪಾಯಕಾರಿ ಎಂದು ತಿಳಿದು ಎಷ್ಟೋ ಮಂದಿಗೆ ದೊಡ್ಡ ಶಸ್ತ್ರಚಿಕಿತ್ಸೆ ತಪ್ಪುತ್ತದೆ.

ಹಾಗಿದ್ದರೆ ರಕ್ತಪರೀಕ್ಷೆ ಬೇಡ, ಎಲ್ಲ ಹೆಂಗಸರಿಗೂ ವರ್ಷಕ್ಕೊಮ್ಮೆ ಸ್ಕ್ಯಾನಿಂಗನ್ನೇ ಮಾಡೋಣ ಎಂದು ಯಾರಾದರೂ ಹೇಳಬಹುದು. ಅದೂ ಬೇಡ. ಈ ಪ್ರಶ್ನೆಗೆ ಉತ್ತರವನ್ನು ಊಹೆಯಿಂದ ಕೊಡಬೇಕಾಗಿಲ್ಲ, ಲಕ್ಷಗಟ್ಟಲೆ ಹೆಂಗಸರು ಭಾಗವಹಿಸಿದ ಎರಡು ದೊಡ್ಡ ಅಧ್ಯಯನಗಳಿವೆ. ಅಮೆರಿಕದ ಪಿಎಲ್‌ಸಿಒ ಅಧ್ಯಯನದಲ್ಲಿ 55ರಿಂದ 74 ವಯಸ್ಸಿನ 78,216 ಮಂದಿಯಲ್ಲಿ ಅರ್ಧದಷ್ಟು ಮಂದಿಗೆ ವರ್ಷವರ್ಷವೂ ಸಿಎ-125 ಮತ್ತು ಯೋನಿಯ ಮೂಲಕ ಸ್ಕ್ಯಾನಿಂಗ್ ಎರಡನ್ನೂ ಮಾಡಿದರು. 2011ರಲ್ಲಿ ಬಂದ ಫಲಿತಾಂಶ: ತಪಾಸಣೆಯಾದವರಲ್ಲಿ ಈ ಕ್ಯಾನ್ಸರ್‌ನಿಂದ 118 ಸಾವು, ಆಗದವರಲ್ಲಿ 100. ರೋಗವಿಲ್ಲದೆಯೂ ಅನುಮಾನಕ್ಕೆ ಸಿಕ್ಕವರು 3,285 ಮಂದಿ; ಅವರಲ್ಲಿ 1,080 ಮಂದಿಗೆ ಶಸ್ತ್ರಚಿಕಿತ್ಸೆಯಾಯಿತು, ಅವರ ಪೈಕಿ ಶೇ. 15ರಷ್ಟು ಮಂದಿ ಅದರಿಂದ ಗಂಭೀರ ತೊಂದರೆಗೆ ಒಳಗಾದರು. ಎರಡೂ ವಿಧಾನ ಒಟ್ಟಿಗೆ ಬಳಸಿದ್ದರ ಫಲ ಇದು.

ಬ್ರಿಟನ್ನಿನವರು ಇನ್ನೂ ಎಚ್ಚರದಿಂದ ನಡೆದರು. 2001ರಿಂದ 2005ರವರೆಗೆ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡ ಯುಕೆಸಿಟಾಕ್ಸ್ ಅಧ್ಯಯನವು ರಕ್ತಪರೀಕ್ಷೆ ಮತ್ತು ಸ್ಕ್ಯಾನಿಂಗ್‌ಗಳನ್ನು ಎದುರುಬದುರು ನಿಲ್ಲಿಸಿತು. ಒಂದು ಗುಂಪಿಗೆ ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾತ್ರ. ಇನ್ನೊಂದಕ್ಕೆ ಸಿಎ-125; ಅದನ್ನೂ 35ರ ಗೆರೆಯಿಂದ ಅಳೆಯದೆ, ಅದೇ ಹೆಂಗಸಿನ ಹಿಂದಿನ ವರ್ಷಗಳ ಸಂಖ್ಯೆಗೆ ಹೋಲಿಸಿ ಏರುತ್ತಿದೆಯೇ ಎಂದು ನೋಡಿ, ಅನುಮಾನ ಬಂದವರಿಗಷ್ಟೇ ಸ್ಕ್ಯಾನಿಂಗ್. ಮೂರನೆಯ ಗುಂಪಿಗೆ ಏನೂ ಇಲ್ಲ. ರಕ್ತಪರೀಕ್ಷೆಯ ಗುಂಪಿನಲ್ಲಿ ಒಂದನೆಯ ಹಂತದಲ್ಲೇ ಸಿಕ್ಕವು ಹೆಚ್ಚಾದವು, ನಾಲ್ಕನೆಯ ಹಂತದವು ಕಡಿಮೆಯಾದವು. ಎಲ್ಲರೂ ಉಸಿರು ಬಿಗಿಹಿಡಿದು ಕಾದರು. 2021ರಲ್ಲಿ, ಸರಾಸರಿ ಹದಿನಾರು ವರ್ಷ ಕಾದ ಮೇಲೆ, ಪ್ರೊಫೆಸರ್ ಉಷಾ ಮೆನನ್ ಮತ್ತು ಸಂಗಡಿಗರು ಪ್ರಕಟಿಸಿದ ಲೆಕ್ಕ: ಮೂರೂ ಗುಂಪುಗಳಲ್ಲಿ ಈ ರೋಗದಿಂದ ಸತ್ತವರು ಶೇ. 0.6. ಬೇಗ ಪತ್ತೆಯಾದರೂ ಸಾವು ತಪ್ಪಲಿಲ್ಲ. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ನಿರಾಶೆಯನ್ನು ನಾನು ಕಂಡಿಲ್ಲ.

ಹೀಗೇಕೆ ಎಂಬುದಕ್ಕೆ ರೋಗದ ಸ್ವಭಾವದಲ್ಲೇ ಒಂದಿಷ್ಟು ಉತ್ತರವಿದೆ. ಹೆಚ್ಚು ಜನರನ್ನು ಕೊಲ್ಲುವ ಉಗ್ರ ಸೀರಸ್ ಬಗೆಯ ಕ್ಯಾನ್ಸರ್ ಬಹುತೇಕ ಹುಟ್ಟುವುದು ಅಂಡಾಶಯದಲ್ಲಲ್ಲ, ಅಂಡನಾಳದ ತುದಿಯ ಝಾಲರಿನಂಥ ಭಾಗದಲ್ಲಿ. ಅಲ್ಲಿಂದ ಉದುರಿದ ಕೋಶಗಳು ಹೊಟ್ಟೆಯ ಒಳಪೊರೆಯ ಮೇಲೆಲ್ಲ ಬಿತ್ತಿದಂತೆ ಹರಡಿದ ಮೇಲೆಯೇ ಎಷ್ಟೋ ಸಲ ಅಂಡಾಶಯ ಊದುತ್ತದೆ. ಸ್ಕ್ಯಾನಿಂಗ್ ಕಣ್ಣಿಗೆ ಅಂಡನಾಳದ ತುದಿಯ ಅಷ್ಟು ಸಣ್ಣ ಮಚ್ಚೆ ಕಾಣುವುದಿಲ್ಲ, ರಕ್ತಕ್ಕೂ ಅಷ್ಟು ಬೇಗ ಸುಳಿವು ಸಿಗುವುದಿಲ್ಲ. ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2018ರಲ್ಲಿ ಲಕ್ಷಣಗಳಿಲ್ಲದ, ವಂಶದಲ್ಲಿ ಹೆಚ್ಚಿನ ಅಪಾಯವಿಲ್ಲದ ಹೆಂಗಸರಿಗೆ ಇಂಥ ತಪಾಸಣೆ ಬೇಡವೆಂದೇ ಹೇಳಿತು. ನಮ್ಮ ರಾಷ್ಟ್ರೀಯ ಕಾರ್ಯಕ್ರಮದಲ್ಲೂ ತಪಾಸಣೆ ಇರುವುದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳಿಗೆ. ಅಂಡಾಶಯ ಆ ಪಟ್ಟಿಯಲ್ಲಿಲ್ಲದಿರುವುದು ಮರೆವಿನಿಂದಲ್ಲ.

ಲೆಕ್ಕವನ್ನು ಇನ್ನೂ ಸರಳವಾಗಿ ಹೇಳುವುದಾದರೆ, ಐವತ್ತು ದಾಟಿದ ಹತ್ತು ಸಾವಿರ ಹೆಂಗಸರಲ್ಲಿ ನಾಲ್ವರಿಗೆ ಈ ರೋಗವಿದೆ ಎಂದಿಟ್ಟುಕೊಳ್ಳಿ. ರೋಗವಿಲ್ಲದವರಲ್ಲಿ ನೂರಕ್ಕೆ ಒಬ್ಬರಲ್ಲಿ ಮಾತ್ರ ಸಂಖ್ಯೆ 35 ದಾಟುತ್ತದೆ ಎಂಬ ಉದಾರ ಲೆಕ್ಕ ಹಿಡಿದರೂ ನೂರು ಮಂದಿ ವೃಥಾ ಹೆದರುತ್ತಾರೆ. ನಾಲ್ವರು ರೋಗಿಗಳಲ್ಲಿ ಒಬ್ಬರಾದರೂ ‘ಸಾಮಾನ್ಯ’ ಎಂಬ ಕಾಗದ ಹಿಡಿದು ಮನೆಗೆ ಹೋಗುವ ಸಂಭವವಿದೆ. ಆ ನೂರು ಮಂದಿಯ ಸ್ಕ್ಯಾನಿಂಗ್, ಬಸ್ಸಿನ ಖರ್ಚು, ಕಳೆದ ಕೂಲಿ ಇವುಗಳ ಹೊಣೆ ಯಾವ ಶಿಬಿರದವರೂ ಹೊರುವುದಿಲ್ಲ.

ಆದರೆ ಲಕ್ಷಣಗಳಿರುವ ಹೆಂಗಸರ ಮಾತೇ ಬೇರೆ, ಅಲ್ಲಿ ವಿಧಾನದ ಆಯ್ಕೆ ಫಲ ಕೊಡುತ್ತದೆ. 2024ರಲ್ಲಿ ಪ್ರಕಟವಾದ ಬ್ರಿಟನ್ನಿನ ರಾಕೆಟ್ಸ್ ಅಧ್ಯಯನದಲ್ಲಿ, ಲಕ್ಷಣಗಳಿಂದ ಆಸ್ಪತ್ರೆಗೆ ಬಂದ ಮುಟ್ಟು ನಿಂತ ಹೆಂಗಸರ ಮೇಲೆ ಹಲವು ಪದ್ಧತಿಗಳನ್ನು ಹೋಲಿಸಿ ನೋಡಿದರು. ಹಳೆಯ ಆರ್‌ಎಂಐ ನೂರು ಕ್ಯಾನ್ಸರ್‌ಗಳಲ್ಲಿ ಸುಮಾರು 83ನ್ನು ಹಿಡಿದರೆ, ಸ್ಕ್ಯಾನಿಂಗ್ ಗುರುತು, ವಯಸ್ಸು ಮೊದಲಾದವನ್ನು ಸೇರಿಸಿ ಅಪಾಯ ಲೆಕ್ಕ ಹಾಕುವ ಐಯೋಟಾ ತಂಡದವರ ಅಡ್ನೆಕ್ಸ್ ಮಾದರಿ ಸುಮಾರು 96ನ್ನು ಹಿಡಿಯಿತು. ಕ್ಯಾನ್ಸರ್ ಅಲ್ಲದವರನ್ನೂ ಹೆಚ್ಚಾಗಿ ಅನುಮಾನಿಸಿತು ಎಂಬುದು ಅದಕ್ಕೆ ತೆತ್ತ ಬೆಲೆ. ನನಗೆ ಮುಖ್ಯವಾಗಿ ಕಂಡದ್ದು ಇನ್ನೊಂದು ಸಂಗತಿ: ಅಲ್ಲಿ ಸ್ಕ್ಯಾನ್ ಮಾಡಿದವರು ಆ ಪದ್ಧತಿಯಲ್ಲಿ ತರಬೇತಿ ಪಡೆದು, ಗುಣಮಟ್ಟದ ಪರೀಕ್ಷೆಗೆ ಒಳಪಟ್ಟವರು. ಯಂತ್ರಕ್ಕಿಂತ ಕಲಿತ ಕಣ್ಣೇ ಅಲ್ಲಿ ಹೆಚ್ಚು ಕೆಲಸ ಮಾಡಿತು ಎಂದು ನನ್ನ ಅನಿಸಿಕೆ.

ಆದ್ದರಿಂದ ಇಲಾಖೆಯಲ್ಲಿ ನನ್ನ ಮನವಿ ಹೀಗಿದೆ. ಲಕ್ಷಣಗಳಿಲ್ಲದ ಹೆಂಗಸರಿಗೆ ಸಿಎ-125 ಮಾಡಿಸಬಾರದೆಂಬ ಸುತ್ತೋಲೆಯನ್ನು ಎಲ್ಲ ಸರ್ಕಾರಿ ಶಿಬಿರಗಳಿಗೂ ಕಳಿಸಿ, ಖಾಸಗಿ ಶಿಬಿರಗಳಿಗೆ ಅನುಮತಿ ಕೊಡುವಾಗ ‘ಒಂದೇ ರಕ್ತಪರೀಕ್ಷೆಯಲ್ಲಿ ಪತ್ತೆ’ ಎಂಬಂಥ ಬ್ಯಾನರುಗಳಿಗೆ ಅವಕಾಶ ಕೊಡಬೇಡಿ. ಜಿಲ್ಲಾ ಆಸ್ಪತ್ರೆಗಳ ಸ್ಕ್ಯಾನಿಂಗ್ ಕೋಣೆಯಲ್ಲಿ ವಾರಕ್ಕೆ ಒಂದು ಮಧ್ಯಾಹ್ನವಾದರೂ ಬಸುರಿಯರಲ್ಲದ ಹೆಂಗಸರಿಗೆಂದೇ ಮೀಸಲಿಡಿ. ಅಂಡಾಶಯದ ಗಡ್ಡೆಯ ವರದಿಗೆ ಒಂದು ಪುಟದ ನಮೂನೆ ಕಡ್ಡಾಯ ಮಾಡಿ; ಕೊನೆಯ ಸಾಲಿನಲ್ಲಿ ಒ-ರ್ಯಾಡ್ಸ್ ಅಂಕಿ ಅಥವಾ ಐಯೋಟಾ ತೀರ್ಮಾನ ಇರಲಿ, ‘ಕಾಂಪ್ಲೆಕ್ಸ್’ ಎಂಬ ಪದ ಒಂಟಿಯಾಗಿ ಬರದಿರಲಿ. ಸಿಎ-125 ಬೇಕಾದರೆ ಆ ನಮೂನೆ ತುಂಬಿದ ಮೇಲೆ ಬರೆಯಲಿ. ನಲವತ್ತು ದಾಟದವರಲ್ಲಿ ಅನುಮಾನದ ಗಡ್ಡೆ ಕಂಡರೆ ಸಿಎ-125 ಒಂದರಿಂದ ಸಾಲದು, ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್ ರಕ್ತಪರೀಕ್ಷೆಗಳೂ ಬೇಕು ಎಂಬ ಸೂಚನೆ ಅದರ ಕೆಳಗಿರಲಿ. ಅನುಮಾನದ ಗಡ್ಡೆಯನ್ನು ತಾಲ್ಲೂಕಿನಲ್ಲೇ ಚುಚ್ಚಿ ನೀರು ತೆಗೆಯುವುದು, ಲ್ಯಾಪ್ರೊಸ್ಕೋಪಿಯಲ್ಲಿ ಒಡೆದು ತೆಗೆಯುವುದು ನಿಲ್ಲಬೇಕು. ಅಂಡಾಶಯದೊಳಗೇ ಅಡಗಿದ್ದ ರೋಗವನ್ನು ಹೊಟ್ಟೆಗೆಲ್ಲ ಚೆಲ್ಲಿ, ಹಂತವನ್ನೇ ಏರಿಸುವ ಕೆಲಸ ಅದು. ಅಂಥವರನ್ನು ಕಿದ್ವಾಯಿಯಂಥ ಕ್ಯಾನ್ಸರ್ ಸಂಸ್ಥೆಗೆ ಕಳಿಸುವಾಗ ವರದಿಯ ಜೊತೆ ಸ್ಕ್ಯಾನಿಂಗ್ ಚಿತ್ರಗಳೂ ಹೋಗಲಿ. ಬೆಂಗಳೂರಿನಲ್ಲಿ ಅದೇ ಪರೀಕ್ಷೆ ಮತ್ತೆ ಮಾಡಿಸಲು ಎರಡು ವಾರ ಕಾಯುವುದು ತಪ್ಪುತ್ತದೆ.

ಭಾರತದಲ್ಲಿ 2022ರಲ್ಲಿ ಹೊಸದಾಗಿ ಅಂಡಾಶಯದ ಕ್ಯಾನ್ಸರ್ ಬಂದವರು ಸುಮಾರು 47 ಸಾವಿರ, ಅದರಿಂದ ಸತ್ತವರು ಸುಮಾರು 33 ಸಾವಿರ ಎಂದು ಅಂತರರಾಷ್ಟ್ರೀಯ ಅಂದಾಜು ಹೇಳುತ್ತದೆ. ಇವರಲ್ಲಿ ಬಹಳಷ್ಟು ಮಂದಿ ರೋಗ ಗೊತ್ತಾಗುವ ಮೊದಲು ತಿಂಗಳುಗಟ್ಟಲೆ ಗ್ಯಾಸ್ಟ್ರಿಕ್ ಎಂದುಕೊಂಡವರೇ. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರು ಐವತ್ತು ದಾಟಿದ ಹೆಂಗಸರಿಗೆ ನಾಲ್ಕು ಪ್ರಶ್ನೆ ಕೇಳಿದರೆ ಸಾಕು: ಹೊಟ್ಟೆ ಉಬ್ಬರ ಹೋಗುತ್ತಲೇ ಇಲ್ಲವೇ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆಯೇ, ಕಿಬ್ಬೊಟ್ಟೆ ನೋಯುತ್ತದೆಯೇ, ಮೂತ್ರಕ್ಕೆ ಪದೇ ಪದೇ ಅವಸರವಾಗುತ್ತದೆಯೇ. ಇವು ಹೊಸದಾಗಿ ಶುರುವಾಗಿ, ತಿಂಗಳಲ್ಲಿ ಹನ್ನೆರಡು ದಿನಕ್ಕಿಂತ ಹೆಚ್ಚು ಕಾಡುತ್ತಿದ್ದರೆ ಆ ಹೆಂಗಸನ್ನು ನಾನು ಹೇಳಿದ ಮಧ್ಯಾಹ್ನದ ಸ್ಕ್ಯಾನಿಂಗ್‌ಗೆ ಕಳಿಸಲಿ. ತಾಯಿ, ಅಕ್ಕತಂಗಿಯರಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ, ವರ್ಷಕ್ಕೊಮ್ಮೆ ಸಿಎ-125 ಬರೆದುಕೊಟ್ಟು ಕಳಿಸದೆ, ಬಿಆರ್‌ಸಿಎ ಜೀನ್ ಪರೀಕ್ಷೆಯ (ವಂಶದಿಂದ ಬರುವ ಅಪಾಯವನ್ನು ತಿಳಿಸುವ ಪರೀಕ್ಷೆ) ಬಗ್ಗೆ ಸಲಹೆ ಕೊಡುವವರ ಬಳಿ ಕಳಿಸಲಿ. ಆ ಜೀನ್ ದೋಷವಿದ್ದವರಿಗೆ ಸಕಾಲದಲ್ಲಿ ಅಂಡನಾಳ, ಅಂಡಾಶಯ ತೆಗೆಸಿಕೊಳ್ಳುವ ಆಯ್ಕೆಯ ಬಗ್ಗೆ ಯಾರಾದರೂ ಕುಳಿತು ಮಾತನಾಡಬೇಕು.

ಸೇವೆಯಲ್ಲಿದ್ದ ಕೊನೆಯ ಆರು ವರ್ಷ ನಮ್ಮ ಜಿಲ್ಲಾ ಆಸ್ಪತ್ರೆಯ ಸ್ಕ್ಯಾನಿಂಗ್ ಕೋಣೆಯಲ್ಲಿ ನಾವು ಬಳಸಿದ ಒಂದು ಪುಟದ ಕನ್ನಡ ನಮೂನೆ ನನ್ನ ಬಳಿ ಇದೆ. ಐಯೋಟಾದ ಹತ್ತು ಗುರುತುಗಳಿಗೆ ಹತ್ತು ಚೌಕ, ಆರ್‌ಎಂಐ ಗುಣಾಕಾರಕ್ಕೆ ಒಂದು ಸಾಲು, ಕೆಳಗೆ ಸಹಿ. ತುಂಬಲು ಮೂರು ನಿಮಿಷ ಬೇಕು. ಇಲಾಖೆ ಕೇಳಿದರೆ ಅದರ ಪ್ರತಿಯನ್ನು ಕಳಿಸಿಕೊಡುತ್ತೇನೆ. ಕಲಿಸಲು ಕರೆದರೆ ನಾನೇ ಬರುತ್ತೇನೆ, ಭತ್ಯೆ ಬೇಡ.

ಇಂತಿ ವಿಧೇಯಳು,
ಮಲೆನಾಡಿನ ಒಬ್ಬ ನಿವೃತ್ತ ಸ್ತ್ರೀರೋಗ ತಜ್ಞೆ